ಭಾಗ್ಯಮ್ಮನ ಬಂಡೆಯ ಐದನೇ ಚಕ್ಕುಬಂದಿ

ಇಲ್ಲಿ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಅದೇ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ಆಣೆ ಮಾಡಲು ಸಿದ್ಧ. ಮಧ್ಯಾಹ್ನ ಮಾತ್ರ ಬೇಡ, ಕಾಲು ಸುಡುತ್ತದೆ.

ರಾವಂದೂರು ಹೋಬಳಿಯ ನಮ್ಮೂರಿನಲ್ಲಿ, ಭಾಗ್ಯಮ್ಮನ ಹೊಲದ ನಡುವೆ ಒಂದು ಹಾಸುಬಂಡೆ ಇದೆ. ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಹಿಮಾಲಯಕ್ಕೆ ಬರೀ ಐದು ಕೋಟಿ. ನಮ್ಮ ಬಂಡೆಯ ಮುಂದೆ ಅದಿನ್ನೂ ತೊಟ್ಟಿಲ ಕೂಸು. ಎತ್ತರದಲ್ಲಿ ನಮ್ಮದು ಸ್ವಲ್ಪ ಹಿಂದೆ, ಮೊಣಕಾಲುದ್ದ ಅಷ್ಟೇ. ಆದರೆ ಹಿಮಾಲಯದ ಮೇಲೆ ಹುರುಳಿ ಬಡಿದವರು ಯಾರಿದ್ದಾರೆ?

ಭಾಗ್ಯಮ್ಮ ಹುರುಳಿ ಗಿಡ ಕಿತ್ತು ತಂದು ಬಂಡೆಯ ಮೇಲೆ ಹರಡಿದ ದಿನವೇ ಯತೀಶ್ ಎಂಬ ಅಧಿಕಾರಿ ಬೈಕಿನಲ್ಲಿ ಬಂದಿಳಿದರು. 'ಸಮಗ್ರ ಭೂಪದರ ನೋಂದಣಿ ಅಭಿಯಾನ'ಕ್ಕೆ ಈ ಭಾಗದ ಹೊಣೆ ಅವರದು. ಬಂಡೆಯ ಸುತ್ತ ಹಗ್ಗ ಕಟ್ಟಿ ಒಂದು ಪ್ರಕಟಣೆ ಅಂಟಿಸಿದರು:

"ಜಮೀನಿನ ಚಕ್ಕುಬಂದಿಯಲ್ಲಿ ಇದುವರೆಗೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳನ್ನಷ್ಟೇ ಬರೆದು ಕೆಳಗಿನ ಎಲ್ಲೆಯನ್ನು ಬಿಟ್ಟಿರುವುದು ಗಂಭೀರ ಲೋಪವೆಂದು ಕಂಡುಬಂದಿದೆ. ಬಂಡೆಯುಳ್ಳ ಖಾತೆದಾರರು ತಮ್ಮ ಸ್ವತ್ತು ಕೆಳಗೆ ಎಲ್ಲಿಯವರೆಗಿದೆ, ಅಲ್ಲಿ ಯಾರ ಬದು ಸೇರುತ್ತದೆ ಎಂಬುದನ್ನು ಅಕ್ಕಪಕ್ಕದ ಹೊಲದವರ ಸಹಿಯೊಂದಿಗೆ ತಿಳಿಸತಕ್ಕದ್ದು. ಅಲ್ಲಿಯವರೆಗೆ ಬಂಡೆಯ ಮೇಲೆ ಹತ್ತುವುದು, ಕೂರುವುದು, ಬಡಿಯುವುದು ನಿಷೇಧಿಸಿದೆ."

ಹುರುಳಿ ಹಗ್ಗದೊಳಗೆ, ಭಾಗ್ಯಮ್ಮ ಹಗ್ಗದಾಚೆ. ಬಿಸಿಲು ಹೆಚ್ಚಾದರೆ ಕಾಯಿ ಸಿಡಿದು ಕಾಳು ಹೊಲದ ಪಾಲು. ಮಳೆ ಬಂದರೆ ಅಲ್ಲೇ ಮೊಳಕೆ. ವರ್ಷವಿಡೀ ಸಾರು ಮಾಡಲು ಇದ್ದದ್ದು ಅದೊಂದೇ ಹುರುಳಿ.

ಆಕೆ ನೇರ ಶಾಲೆಗೆ ಹೋಗಿ ಉಷಾರಾಣಿ ಟೀಚರನ್ನು, ಅವರ ತರಗತಿಯ ಗೋಡೆಯ ಮೇಲಿದ್ದ ಪಟದ ಸಮೇತ ಕರೆತಂದಳು. ಟೀಚರು ಪಟಕ್ಕೆ ಕೋಲಿಟ್ಟು ವಿವರಿಸಿದರು. ಭೂಮಿ ಕೋಳಿಮೊಟ್ಟೆ ಇದ್ದಂತೆ. ಮೇಲಿನ ಚಿಪ್ಪೇ ಭೂಕವಚ, ಇಲ್ಲಿ ಮೂವತ್ತೈದು ಕಿಲೋಮೀಟರು ಚಿಲ್ಲರೆ. ಅದರ ಕೆಳಗೆ ಎರಡು ಸಾವಿರದ ಒಂಬೈನೂರು ಕಿಲೋಮೀಟರಿನವರೆಗೆ ಮ್ಯಾಂಟಲ್ ಎಂಬ ಕಾದ ಶಿಲೆ. ಆಮೇಲೆ ಕರಗಿದ ಕಬ್ಬಿಣ, ನಟ್ಟನಡುವೆ ಗಟ್ಟಿ ಕಬ್ಬಿಣದ ಗುಂಡು. ಈ ಬಂಡೆಯೋ, ಒಳಗಿನ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಸ್ವರೂಪ ಬದಲಿಸಿಕೊಂಡ ರೂಪಾಂತರ ಶಿಲೆ.

"ಸ್ವರೂಪ ಬದಲಾಯಿಸುವಾಗ ಅನುಮತಿ ತಗೊಂಡಿತ್ತಾ?" ಎಂದು ಯತೀಶ್ ಕೇಳಿದರು. ಟೀಚರು ಆಗ ಕಚೇರಿಗಳಿರಲಿಲ್ಲ ಎಂದರು. ಯತೀಶ್ 'ಅನಧಿಕೃತ ರೂಪಾಂತರ, ಕ್ಷಮಿಸಬಹುದು' ಎಂದು ಬರೆದುಕೊಂಡರು.

ತೊಡಕು ಬಂದದ್ದು ಆಮೇಲೆ. ಭೂಮಿ ಗುಂಡಗಿರುವುದರಿಂದ ಎಲ್ಲರ ಹೊಲವೂ ಕಡಲೆಕಾಯಿ ಪೊಟ್ಟಣದಂತೆ ಕೆಳಗೆ ಹೋದಷ್ಟೂ ಚೂಪಾಗಿ, ಕೊನೆಗೆ ಕೇಂದ್ರದ ಒಂದೇ ಚುಕ್ಕಿಯಲ್ಲಿ ಸೇರುತ್ತದೆ ಎಂದರು ಟೀಚರು. ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದ, ಪಕ್ಕದ ಹೊಲದಲ್ಲಿ ಹೊಗೆಸೊಪ್ಪು ಬೆಳೆಯುವ ಶಿವಣ್ಣ, ಮುಚ್ಚಳ ಹಾಕಿಬಿಟ್ಟ. ಉಳುವಾಗ ವರ್ಷಕ್ಕೊಂದು ಸಾಲಿನಂತೆ ಭಾಗ್ಯಮ್ಮನ ಬದು ತಿನ್ನುತ್ತ ಬಂದವನು ಅವನು.

"ಆ ಚುಕ್ಕಿ ನಂದು ಕಣಕ್ಕ" ಎಂದ.

"ಅಲ್ಲೇನ್ ಬೆಳೀತೀಯಪ್ಪ? ಐದ್ ಸಾವ್ರ ಡಿಗ್ರಿಗೂ ಮೇಲಂತೆ."

"ಅದ್ಕೇ ಕಣಕ್ಕ. ಹೊಗೆಸೊಪ್ ಬೇಯ್ಸಕೆ ಸೌದೆ ಉಳೀತದೆ."

ಸುದ್ದಿ ಹರಡಿತು. ಹೊಸ ಅಗ್ರಹಾರದ ಗದ್ದೆಯವರು ತಮ್ಮ ಗದ್ದೆಯೂ ಅಲ್ಲೇ ಮುಗಿಯುತ್ತದೆ ಎಂದು ತಕರಾರು ಸಲ್ಲಿಸಿದರು. ಕೊಪ್ಪದಲ್ಲಿ ಹತ್ತಡಿ ಅಂಗಡಿಯಿದ್ದವರೊಬ್ಬರು ತಮ್ಮ ಗೋಡೌನು ಆರು ಸಾವಿರದ ಮುನ್ನೂರ ಎಪ್ಪತ್ತೊಂದು ಕಿಲೋಮೀಟರು ಆಳವಿದೆಯೆಂದು ಬೋರ್ಡು ಬರೆಸಿದರು. ಯತೀಶ್ ಕೂಡಲೇ ಆದೇಶ ಹೊರಡಿಸಿದರು: ಭೂಮಿಯ ಕೇಂದ್ರದಲ್ಲಿ ಯಥಾಸ್ಥಿತಿ ಕಾಪಾಡತಕ್ಕದ್ದು, ಮುಂದಿನ ಆದೇಶದವರೆಗೆ ಕರಗಿದ ಕಬ್ಬಿಣ ಅತ್ತಿತ್ತ ಹರಿಯಕೂಡದು. ಪ್ರತಿಯನ್ನು ಬಂಡೆಗೇ ಅಂಟಿಸಲಾಯಿತು, ಕೆಳಕ್ಕೆ ಮುಖ ಮಾಡಿ.

ನಾಲ್ಕನೇ ದಿನ ಪಡುವಲಲ್ಲಿ ಕರೀ ಮೋಡ ಎದ್ದಿತು. ಭಾಗ್ಯಮ್ಮ ಮೋಡ ನೋಡಿದಳು, ಹುರುಳಿ ನೋಡಿದಳು, ಆಮೇಲೆ ಯತೀಶರ ಎದುರು ಬಂದು ನಿಂತಳು.

"ಸಾ, ಎಲ್ರಿಗೂ ಸೇರಿ ಯಾರ್ಗೂ ಸೇರ್ದೆ ಇರೋ ಜಾಗ್ವ ಕಾಗ್ದದಲ್ಲಿ ಏನಂತ ಬರೀತೀರಿ?"

"ಗೋಮಾಳ ಅಂತ."

"ಅಂಗೇ ಬರ್ಕಳಿ ಮತ್ತೆ."

ಯತೀಶರ ಮುಖ ಅರಳಿತು. ಶಿವಣ್ಣನ ಮುಖ ಮಾತ್ರ ಅರಳಲಿಲ್ಲ. ಚುಕ್ಕಿ ಬಿಟ್ಟುಕೊಡುವುದಿಲ್ಲ ಎಂದು ಕೈಕಟ್ಟಿ ನಿಂತ. ಭಾಗ್ಯಮ್ಮ ಅವನ ಪಕ್ಕಕ್ಕೆ ಹೋಗಿ ಮೆಲ್ಲಗೆ ಹೇಳಿದಳು.

"ನನ್ ಬದು ತಿಂದ್ರೆ ನಾನು ಬಾಯ್ ಮಾಡ್ತೀನಿ. ಗೋಮಾಳ ತಿಂದ್ರೆ ಯಾರ್ ಕೇಳ್ತಾರೆ ಯೋಳು, ಶಿವಣ್ಣ?"

ಶಿವಣ್ಣ ಮೊದಲ ಸಹಿ ಹಾಕಿದ. ಮಾತು ಹೇಗೋ ಕೊಪ್ಪದವರೆಗೂ ಮುಟ್ಟಿತು. ಸಂಜೆಯೊಳಗೆ ತಕರಾರಿನವರೆಲ್ಲ ಸಾಲುಗಟ್ಟಿ ಸಹಿ ಹಾಕಿದರು. ಬೆರಳೊತ್ತುವವರಿಗೆ ಶಾಯಿ ಸಾಲದೆ ಟೀಚರು ಶಾಲೆಯಿಂದ ತಂದುಕೊಟ್ಟರು. ಹಗ್ಗ ಬಿಚ್ಚಿದರು. ಭಾಗ್ಯಮ್ಮ ದೊಣ್ಣೆ ಹಿಡಿದಳು, ಶಿವಣ್ಣನೇ ಬಂದು ಗಿಡ ತಿರುವಿ ಹಾಕಿದ. ಕೊನೆಯ ಮೂಟೆಯ ಬಾಯಿ ಕಟ್ಟುವಾಗ ಮೊದಲ ಹನಿ ಬಿತ್ತು. ಯತೀಶ್ ಆ ರಾತ್ರಿ ಭಾಗ್ಯಮ್ಮನ ಮನೆಯಲ್ಲೇ ಮುದ್ದೆ, ಹುರುಳಿಕಟ್ಟಿನ ಸಾರು ಉಂಡು, ವರದಿಯಲ್ಲಿ 'ಕೆಳಪದರಗಳನ್ನು ಖುದ್ದು ಪರಿಶೀಲಿಸಲಾಗಿದೆ' ಎಂದು ಬರೆದರು.

ಈಗ ಪಹಣಿಯಲ್ಲಿ ಭಾಗ್ಯಮ್ಮನ ಹೊಲಕ್ಕೆ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಶಿವಣ್ಣ, ಕೆಳಕ್ಕೆ ಗೋಮಾಳ. ಬಂಡೆಯ ಪಕ್ಕ ಒಂದು ಬೋರ್ಡು, ಅದರಲ್ಲಿ ಕೆಳಮುಖವಾದ ಬಾಣ: 'ಭೂಮಿಯ ಕೇಂದ್ರ, ಗ್ರಾಮದ ಗೋಮಾಳ. ದನ ಮೇಯಿಸುವವರು ಹಗ್ಗವನ್ನು ತಾವೇ ತರತಕ್ಕದ್ದು.' ಶಿವಣ್ಣ ತನ್ನ ಹೊಲದ ಮೂಲೆಯಲ್ಲಿ ಹಾರೆ ಹಿಡಿದು ಒತ್ತುವರಿ ಶುರುಮಾಡಿದ್ದಾನೆ. ಮೂರಡಿ ಆಗಿದೆ, ಉಳಿದದ್ದು ಮುಂದಿನ ಹೊಗೆಸೊಪ್ಪಿನ ಹೊತ್ತಿಗೆ ಎನ್ನುತ್ತಾನೆ. ಭಾಗ್ಯಮ್ಮನ ಬದುವಿನ ಕಡೆ ತಿರುಗಿ ನೋಡಲೂ ಅವನಿಗೆ ಬಿಡುವಿಲ್ಲ.

ಇಷ್ಟರಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿ ಹೇಳಿದ್ದು, ಒಪ್ಪಿಕೊಳ್ಳಬೇಕು. ಬೋರ್ಡಿನ ಬಾಣ ಕೆಳಮುಖವಾಗಿಲ್ಲ. ಪೇಂಟರು ಮೇಲಕ್ಕೆ ಬರೆದಿದ್ದಾನೆ. ಊರಿನವರು ಈಗ ದನ ಬಿಡುವ ಮುಂಚೆ ಒಮ್ಮೆ ಆಕಾಶ ನೋಡುತ್ತಾರೆ.