ಭಾವನ ಕೊಳಕು ನೀರು

ಕೊಳಕು ನೀರನ್ನು ಇಷ್ಟು ಜೋಪಾನ ಮಾಡುವ ಮನುಷ್ಯ ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕು ಹುಡುಕಿದರೂ ಸಿಕ್ಕುವುದಿಲ್ಲ. ಅವರೇ ನಮ್ಮ ಭಾವ, ನರಸೀಪುರದಲ್ಲಿರುವ ನನ್ನ ಅಕ್ಕನ ಗಂಡ. ಡ್ರಾಯಿಂಗ್ ಮೇಷ್ಟರಾಗಿ ರಿಟೈರಾದವರು, ಜಲವರ್ಣದ ಚಿತ್ರ ಬರೆಯುತ್ತಾರೆ. ಕುಂಚ ಅದ್ದುವ ನೀರು ಒಂದು ಹಳೇ ಉಪ್ಪಿನಕಾಯಿ ಬಾಟಲಿಯಲ್ಲಿ. ಅದನ್ನು ಚೆಲ್ಲುವಂತಿಲ್ಲ! ಎಲ್ಲ ಚಿತ್ರಕ್ಕೂ ಅದೇ ತಳ, ಅದಿಲ್ಲದೆ ಬಣ್ಣಗಳು ಕೂಡುವುದಿಲ್ಲ ಎನ್ನುತ್ತಾರೆ. ಒಮ್ಮೆ ಅಕ್ಕ, ಪಾಪ, ಆ ಬಾಟಲಿ ಬೆಳಗಿ ಬೋರಲು ಹಾಕಿದ್ದಕ್ಕೆ ಭಾವ ಎರಡು ದಿನ ಸೂತಕದ ಮನೆಯವರಂತೆ ಕೂತಿದ್ದರಂತೆ. ಇನ್ನೊಮ್ಮೆ ಅದೇ ನೀರನ್ನು ಲೋಟಕ್ಕೆ ಬಗ್ಗಿಸಿಟ್ಟಿದ್ದರು. ಬಿಸಿಲಲ್ಲಿ ಬಸ್ಸಿಳಿದು ಬಂದ ನಾನು ಬೆಲ್ಲದ ಪಾನಕವೆಂದು ಅರ್ಧ ಲೋಟ ಇಳಿಸಿಬಿಟ್ಟೆ. ಭಾವನಿಗೆ ಗಾಬರಿಯೋ ಗಾಬರಿ. ನನ್ನ ಹೊಟ್ಟೆಯ ಬಗ್ಗೆ ಅಂದುಕೊಂಡಿರಾ?

"ಅಯ್ಯೋ, ಆರು ತಿಂಗಳ ನೀರು ಕಣ್ಲಾ ಅದು!"

ನಾನೂ ಬಣ್ಣದವನೇ. ಏಳನೇ ಕ್ಲಾಸಿಗೆ ಸ್ಕೂಲಿಗೆ ಕೈ ಮುಗಿದು ಬ್ರಷ್ ಹಿಡಿದವನು. ಚಿಕ್ಕಯ್ಯನಛತ್ರದಿಂದ ಹೆಡತಲೆಯವರೆಗೆ ನಾನು ಬಳಿದ ಗೋಡೆಗಳಲ್ಲಿ ಬ್ರಷ್ಷಿನ ಒಂದೇ ಒಂದು ಪಟ್ಟೆ ತೋರಿಸಿದವರಿಗೆ ಬಾಳೆಲೆ ಊಟ ಹಾಕಿಸುತ್ತೇನೆ. ಇವತ್ತಿನವರೆಗೆ ಯಾರೂ ಉಂಡಿಲ್ಲ.

"ಬಾವ, ಬ್ರಷ್ಷು ತೊಳೀದೆ ಇನ್ನೊಂದು ಬಣ್ಣಕ್ಕೆ ಅದ್ದೋನು ನನ್ ಕೆಲ್ಸದಲ್ಲಿದ್ರೆ ಮದ್ಯಾನಕ್ಕೇ ಮನೇಗೆ ಕಳಿಸ್ತೀನಿ."

"ಅದ್ಕೇ ಕಣ್ಲಾ, ನಿನ್ ಗ್ವಾಡೆಗಳು ಒಂದರ ಜೊತೆ ಒಂದು ಮಾತಾಡಾಕಿಲ್ಲ."

ಚುಚ್ಚಿದ್ದು ಎಲ್ಲಿಗೆಂದು ನನಗೆ ಗೊತ್ತು. ನಂಜನಗೂಡಿನ ಅಪ್ಪನ ಮನೆಯನ್ನು ನಾನೂ ತಮ್ಮನೂ ಪಾಲು ಮಾಡಿಕೊಂಡಿದ್ದೆವು. ನನ್ನ ಅರ್ಧಕ್ಕೆ ನಾನು ಕಿತ್ತಳೆ ಬಳಿದೆ. ಅವನು ಬೇರೆ ಪೇಂಟರನ್ನು ಕರೆಸಿ (ನಾನಿರುವಾಗ!) ತನ್ನ ಅರ್ಧಕ್ಕೆ ನೀಲಿ ಬಳಿಸಿದ. ಅಂದಿನಿಂದ ಮೂರು ವರ್ಷ ಮಾತಿಲ್ಲ. ಗೌರಿ ಹಬ್ಬಕ್ಕೆ ಬರುತ್ತಿದ್ದ ಅಕ್ಕ, ಯಾರ ಹೊಸಿಲು ಮೊದಲು ತುಳಿದರೂ ಇನ್ನೊಬ್ಬನಿಗೆ ನೋವೆಂದು ಬರುವುದನ್ನೇ ನಿಲ್ಲಿಸಿದಳು.

ಈ ಸಲ ಹಬ್ಬಕ್ಕೆ ವಾರವಿರುವಾಗ ಭಾವ ಒಬ್ಬರೇ ಬಂದರು, ಬಾಟಲಿ ಸಮೇತ. ಮನೆಯೆದುರು ಬೀದಿಯಲ್ಲಿ ಸ್ಟೂಲು ಹಾಕಿ ಕೂತರು.

"ನಿಮ್ಮಕ್ಕ ತವರಿಗೆ ಬರಾಕಿಲ್ವಂತೆ. ಮನೆ ಚಿತ್ರಾನಾರೂ ಬರ್ಕೊಂಡು ಬನ್ನಿ, ಗ್ವಾಡೆಗೆ ನೇತಾಕ್ಕೊಂಡು ನೋಡ್ತೀನಿ ಅಂದ್ಲು."

ಕಾಫಿ ಬೇಕೇ ಎಂದು ಕೇಳುವುದೂ ನನಗೆ ಮರೆತುಹೋಯಿತು.

ಅವರ ಬಲಭುಜದ ಹಿಂದೆ ನಾನು ನಿಂತೆ. ತಮ್ಮ ಬಂದು ಎಡಭುಜದ ಹಿಂದೆ ನಿಂತ. ತಂತಮ್ಮ ಬಣ್ಣಕ್ಕೆ ಕಾವಲು! ಭಾವ ಮೊದಲು ಆ ಕೊಳಕು ನೀರನ್ನೇ ಹಾಳೆ ತುಂಬ ತೆಳ್ಳಗೆ ಬಳಿದರು. ಹಾಳೆಯ ಮೇಲೆ ಸಂಜೆ ಬಿಸಿಲು ಬಿದ್ದಂತಾಯಿತು. ಅದರ ಮೇಲೆ ಕಿತ್ತಳೆ. ಅದೇ ಕುಂಚವನ್ನು ಅರೆಬರೆ ಜಾಲಿಸಿ ನೀಲಿ. ನೀಲಿಯಿಂದ ಮತ್ತೆ ಕಿತ್ತಳೆಗೆ.

"ಬಾವ, ನನ್ ಕಿತ್ತಳೆಗೆ ಅವನ್ ನೀಲಿ ಬೆರೆಸ್ಬುಟ್ರಿ!" ಎಂದೆ.

"ನನ್ ನೀಲೀನೂ ಕೆಡಿಸವ್ರೆ," ತಮ್ಮ ಗೊಣಗಿದ.

"ಸುಮ್ಕಿರ್ರಲಾ! ಇದ್ರಲ್ಲಿ ಅದು ಚೂರು, ಅದ್ರಲ್ಲಿ ಇದು ಚೂರು ಇದ್ರೆ ತಾನೆ ಒಂದೇ ಮನೆ ಆಗೋದು?"

ಕೊನೆಗೆ ಮನೆಮುಂದಿನ ಬೇವಿನ ಮರದ ನೆರಳನ್ನು ಒಂದೇ ಎಳೆತಕ್ಕೆ ಎರಡೂ ಗೋಡೆಗಳ ಮೇಲೆ ಹಾಯಿಸಿದರು. ತಲೆಯೆತ್ತಿ ಮನೆಯ ಕಡೆ ನೋಡಿದೆ. ಹೌದು, ಆ ನೆರಳು ಪಾಲಾಗದೆ ಹಾಗೇ ಬಿದ್ದಿತ್ತು. ಮೂರು ವರ್ಷದಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಗೋಡೆ ನೋಡುವುದರಲ್ಲೇ ತಲೆ ನರೆಸಿಕೊಂಡವನ ಕಣ್ಣಿಗೆ!

ಮಾರನೆಯ ದಿನ ಕಿತ್ತಳೆ ಬಕೆಟ್ಟಿನ ಮುಚ್ಚಳ ತೆಗೆದೆ. ಇದಕ್ಕೂ ಒಂದು ಚೂರು ನೀಲಿ ಬೆರೆಸಬೇಕು. ನೀಲಿ ಅಂಗಡಿಯಲ್ಲೂ ಸಿಕ್ಕುತ್ತದೆ. ಆದರೂ ಬಕೆಟ್ಟು ಎತ್ತಿಕೊಂಡು ಹೋಗಿ ತಮ್ಮನ ಬಾಗಿಲಲ್ಲಿ ನಿಂತು, ಒಳಗೆ ನೋಡದೆ ಕೇಳಿದೆ:

"ಲೇ, ನಿನ್ ನೀಲಿ ಒಂದ್ ಮಗ್ಗು ಉಳಿದದೇನ್ಲಾ?"

ಇನ್ನೇನು ತಿರುಗಬೇಕು, ತಮ್ಮ ಹೊರಗೆ ಬಂದ. ಒಂದು ಕೈಯಲ್ಲಿ ನೀಲಿ ತುಂಬಿದ ಮಗ್ಗು. ಇನ್ನೊಂದು ಕೈಯಲ್ಲಿ ಖಾಲಿ ಮಗ್ಗು. ಖಾಲಿಯದನ್ನು ನನ್ನ ಬಕೆಟ್ಟಿನ ಕಡೆಗೆ ಚಾಚಿದ.

ಹಬ್ಬಕ್ಕೆ ಇನ್ನೂ ಆರು ದಿನವಿತ್ತು. ಎರಡು ಕೋಟ್ ಹೊಡೆಯಲು ಧಾರಾಳ ಸಾಕು.