ಎರಡು ಗಂಟೆಗೆ ರಸ್ಟಿ ಬ್ಯಾಂಡ್

ಅತ್ತೆಗೆಂದು ತುಂಬಿಸಿಕೊಂಡು ಬಂದ ಹರಿಕಥೆ ಕ್ಯಾಸೆಟ್ಟಿಗಿಂತ ಐದು ನಿಮಿಷ ಮೊದಲೇ ಮುಗಿದುಹೋದದ್ದೇ ಇಷ್ಟಕ್ಕೆಲ್ಲ ಮೂಲ.

ಸಿರಾದ ಕ್ಯಾಸೆಟ್ ಅಂಗಡಿಯವನು ಹೊಸದೆಂದು ಹೇಳಿ ಹಳೆಯ ಕ್ಯಾಸೆಟ್ಟಿನ ಮೇಲೆಯೇ ಹರಿಕಥೆ ತುಂಬಿಸಿ ಕೊಟ್ಟಿದ್ದ. ಅಶ್ವತ್ಥಮ್ಮನವರು ಮಂಗಳ ಮುಗಿಯಿತೆಂದು ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದಾಗ ಅದೇ ಪೆಟ್ಟಿಗೆಯಿಂದ ಡಬಡಬ ಡ್ರಮ್ಮು, ಕಾದ ಬಾಣಲೆಗೆ ನೀರು ಬಿದ್ದಂಥ ಗಿಟಾರು, ಅದರ ಮೇಲೆ ನೆಗಡಿಯಾದವನೊಬ್ಬನ ದನಿ ಎದ್ದು ಬಂತು. ಹರಿಕಥೆ ದಾಸರಿಗೆ ಮೈಮೇಲೆ ಏನೋ ಬಂದಿದೆ ಎಂದುಕೊಂಡು ಆಕೆ ಕುಂಕುಮದ ಬಟ್ಟಲಿಗೆ ಕೈ ಹಾಕಿದರು.

ಬಚ್ಚಲಿಂದ ಅರ್ಧ ಸೋಪಿನಲ್ಲಿ ಓಡಿ ಬಂದ ಅಳಿಯ ರೇಣುಕಯ್ಯ ಮಾತ್ರ ನಿಂತಲ್ಲೇ ನಿಂತುಬಿಟ್ಟ. ಪಾವಗಡದ ದನದ ಆಸ್ಪತ್ರೆಯಲ್ಲಿ ಗುಮಾಸ್ತನಾದ ಅವನು ಹುಟ್ಟಿದಾಗಿನಿಂದ ಕೇಳಿದ್ದು ಸಿನಿಮಾ ಹಾಡು, ಭಜನೆ ಮತ್ತು ಸೂಜಿ ಚುಚ್ಚಿಸಿಕೊಂಡ ಎಮ್ಮೆಗಳ ಕೂಗು. ಇದು ಆ ಮೂರರಲ್ಲಿ ಯಾವುದೂ ಆಗಿರಲಿಲ್ಲ. ಮೂರನೆಯದಕ್ಕೆ ಸ್ವಲ್ಪ ಹತ್ತಿರ ಇತ್ತು ಅಷ್ಟೆ. ಹಾಡು ಮುಗಿದ ಮೇಲೆ ಆ ನೆಗಡಿ ದನಿಯೇ ಇಂಗ್ಲಿಷಿನಲ್ಲಿ, ನಾವು ಬೆಂಗಳೂರಿನ ರಸ್ಟಿ ಬ್ಯಾಂಡ್, ನಮ್ಮ ಹಾಡು ನಾವೇ ಕಟ್ಟಿ ನಾವೇ ಹಾಡೋರು ಎಂದು ಹೇಳಿ ನಕ್ಕಿತು. ರಸ್ಟಿ ಅಂದರೆ ತುಕ್ಕು ಹಿಡಿದದ್ದು ಎಂದು ರೇಣುಕಯ್ಯ ನಿಘಂಟು ನೋಡಿ ತಿಳಿದುಕೊಂಡ. ಇಷ್ಟು ಚೆನ್ನಾಗಿ ಹಾಡಿ ಇಷ್ಟು ಕೆಟ್ಟ ಹೆಸರಿಟ್ಟುಕೊಂಡಿದ್ದಾರಲ್ಲ ಎಂದು ಅವನಿಗೆ ಅವರ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಅಂದಿನಿಂದ ಅವನು ಕಂಡಕಂಡವರಿಗೆಲ್ಲ ಆ ಬ್ಯಾಂಡನ್ನು ಶಿಫಾರಸು ಮಾಡತೊಡಗಿದ. ಕರುವಿಗೆ ಹುಳದ ಔಷಧಿ ಕೇಳಲು ಬಂದವರಿಗೂ ಔಷಧಿಯ ಜೊತೆ ಒಂದು ಮಾತು ಸೇರಿಸಿ ಕಳಿಸುತ್ತಿದ್ದ. ಅವರು ಅದೂ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿ ಹೋಗುತ್ತಿದ್ದರು. ಅಶ್ವತ್ಥಮ್ಮನವರಿಗೆ ಒಂದು ವಾರ ತಾಳ್ಮೆ ಇತ್ತು. ಎಂಟನೆಯ ದಿನ ಅವನು ಆಸ್ಪತ್ರೆಯಿಂದ ಬಂದು ನೋಡಿದರೆ ಕ್ಯಾಸೆಟ್ಟಿನೊಳಗಿನ ರೀಲೆಲ್ಲ ಹಿತ್ತಲಿನ ಹೀರೇ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟಿ ಹಿಡಿದಿತ್ತು.

“ಮನುಷ್ಯರು ಕೇಳೋ ಹಾಡೇ ಆಗಿದ್ರೆ ರೇಡಿಯೋದೋರು ಹಾಕ್ತಿರ್ಲಿಲ್ವಾ ಅಳಿಯಂದ್ರೆ? ಅವ್ರು ಹಾಕ್ಲಿ, ನಿಮ್ ಹೆಸ್ರು ಹೇಳಿ ಹಾಕ್ಲಿ, ನಾನೂ ಕೂತ್ಕಂಡು ಕೇಳ್ತೀನಿ,” ಎಂದರು ಆಕೆ.

ರೇಡಿಯೋದಲ್ಲಿ ಗುರುವಾರ ಮಧ್ಯಾಹ್ನ ಎರಡಕ್ಕೆ ಹೊಸ ಹೊಸ ಬ್ಯಾಂಡುಗಳ ಹಾಡು ಹಾಕುವ ಹದಿನೈದು ನಿಮಿಷದ ಕಾರ್ಯಕ್ರಮವೊಂದಿತ್ತು. ಕೇಳುಗರು ಪತ್ರ ಬರೆದು ಇಂಥ ಬ್ಯಾಂಡ್ ಹಾಕಿ ಎಂದರೆ, ಸಿಕ್ಕಿದರೆ ಹಾಕುತ್ತಿದ್ದರು. ರೇಣುಕಯ್ಯ ಹನ್ನೊಂದು ಕಾರ್ಡು ಬರೆದ. ಕೊನೆಗೂ ಉತ್ತರ ಬಂತು: ಬರುವ ಗುರುವಾರ ನಿಮ್ಮ ಹೆಸರಿನೊಂದಿಗೆ ಪ್ರಸಾರ. ರೀಲು ಹೀರೇ ಬಳ್ಳಿಯ ಪಾಲಾಗಿತ್ತು, ಸಿರಾದ ಅಂಗಡಿಯವನಿಗೆ ಆ ಹಾಡು ಎಲ್ಲಿಂದ ಬಂತೆಂದೇ ನೆನಪಿರಲಿಲ್ಲ. ಈ ಗುರುವಾರ ತಪ್ಪಿದರೆ ರೇಣುಕಯ್ಯನ ಪಾಲಿಗೆ ಆ ಹಾಡು ಈ ಜನ್ಮಕ್ಕೆ ತಪ್ಪಿದಂತೆಯೇ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅವನು ಬಸ್ ಸ್ಟ್ಯಾಂಡಿನ ಎದುರಿನ ಚಿಕ್ಕರಂಗಯ್ಯನ ಹೋಟೆಲಿಗೆ ಹೋದ. ಹೋಟೆಲಿನ ಮುಂದೆ ಕಪ್ಪು ಹಲಗೆ, ಅದಕ್ಕೆ ದಾರ ಕಟ್ಟಿ ನೇತುಬಿಟ್ಟ ಸೀಮೆಸುಣ್ಣ. ಹಲಗೆಯ ಮೇಲೆ ಇಂದಿನ ವಿಶೇಷ, ಈರುಳ್ಳಿ ದೋಸೆ ಎಂದಿತ್ತು. ಚಿಕ್ಕರಂಗಯ್ಯ ಹಿತ್ತಲಲ್ಲಿ ರುಬ್ಬುಗುಂಡಿನ ಜೊತೆ ಗುದ್ದಾಡುತ್ತಿದ್ದ. ಊರಿಗೆಲ್ಲ ಒಂದೇ ಸಲ ಶಿಫಾರಸು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಎನ್ನಿಸಿ, ರೇಣುಕಯ್ಯ ದೋಸೆಯ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ, ಟುಡೇ, ಟೂ ಪಿ.ಎಂ., ರಸ್ಟಿ ಬ್ಯಾಂಡ್ ಎಂದು ಬರೆದ. ಇಂಗ್ಲಿಷ್ ಹೆಸರು ಇಂಗ್ಲಿಷಿನಲ್ಲಿದ್ದರೇ ಶೋಭೆ. ರೇಡಿಯೋ ಎಂದು ಬರೆಯಲು ಜಾಗ ಉಳಿಯಲಿಲ್ಲ. ಬ್ಯಾಂಡು ರೇಡಿಯೋದಲ್ಲಿ ಅಲ್ಲದೆ ಇನ್ನೆಲ್ಲಿ ಬರುತ್ತದೆ ಎಂದು ಕೈ ಒರೆಸಿಕೊಂಡು ಆಸ್ಪತ್ರೆಗೆ ನಡೆದ.

ಅವನು ಹೋದ ಕಾಲು ಗಂಟೆಗೆ ಬಸ್ ಏಜೆಂಟ್ ಓಬಳಯ್ಯ ಟೀಗೆ ಬಂದ. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತವನಾದ್ದರಿಂದ ಇಂಗ್ಲಿಷಿನಲ್ಲಿ ಅವನಿಗೆ ಉಳಿದವರ ಮೂರರಷ್ಟು ಅನುಭವ. ಹಲಗೆಯ ಮುಂದೆ ನಿಂತು, ಆರು, ಯೂ, ಎಸ್ಸು, ಟೀ, ವೈ ಎಂದು ಒಂದೊಂದೇ ಅಕ್ಷರ ಕೂಡಿಸಿ “ರಸ್ತೆ” ಎಂದ. ಬೀ, ಎ, ಎನ್ನು, ಡೀ ಕೂಡಿಸಿ “ಬಂದ್” ಎಂದ. ಆಮೇಲೆ ಎರಡನ್ನೂ ಸೇರಿಸಿ ಓದಿ, ಟೀ ಲೋಟ ಕೆಳಗಿಟ್ಟ.

“ಎರಡು ಗಂಟೆಗೆ ರಸ್ತೆ ಬಂದ್ ಅಂತೆ ಕಣ್ರಪ್ಪೋ.”

ಹಿತ್ತಲಿಂದ ಬಂದ ಚಿಕ್ಕರಂಗಯ್ಯ ತನ್ನ ಹಲಗೆಯನ್ನು ತಾನೇ ಮೊದಲ ಸಲ ನೋಡಿದವನಂತೆ ನೋಡಿ, ಅದನ್ನ ಇಂಗ್ಲಿಷ್‌ನಾಗೆ ಯಾಕೆ ಬರ್ದವ್ರೆ ಎಂದು ಕೇಳಿದ.

“ಡೀಸಿಗೆ ಅರ್ಥ ಆಗ್ಲಿ ಅಂತ ಕಣಯ್ಯ,” ಎಂದ ಓಬಳಯ್ಯ.

ಅಲ್ಲಿಗೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಎರಡಕ್ಕೆ ನಡುದಾರಿಯಲ್ಲಿ ಸಿಕ್ಕಿಬೀಳುವುದೇಕೆಂದು ಹತ್ತು ಗಂಟೆಯ ಹೊತ್ತಿಗೇ ಬಸ್ಸುಗಳು ಸ್ಟ್ಯಾಂಡಿನಲ್ಲಿ ಮೂತಿ ತಿರುಗಿಸಿ ನಿಂತವು. ಮಧುಗಿರಿಯಿಂದ ಬಂದದ್ದು ಊರಾಚೆಯ ಹುಣಿಸೆ ಮರದ ಕೆಳಗೇ ಜನರನ್ನು ಇಳಿಸಿ ಹಿಂದಕ್ಕೋಡಿತು. ರಸ್ತೆ ಬಂದ್ ಆದಮೇಲೆ ಅಂಗಡಿ ತೆರೆದು ಯಾರಿಗೆ ಮಾರುವುದು ಎಂದು ಅಂಗಡಿಗಳೂ ಮುಚ್ಚಿದವು. ಯಾಕೆ ಬಂದ್ ಎಂದು ಒಬ್ಬರೂ ಒಬ್ಬರನ್ನು ಕೇಳಲಿಲ್ಲ, ಗೊತ್ತಿಲ್ಲದವನು ತಾನೊಬ್ಬನೇ ಇರಬೇಕೆಂದು ಎಲ್ಲರಿಗೂ ನಾಚಿಕೆ. ಕೆಲವರು ಕುಡಿಯುವ ನೀರಿಗೆ ಎಂದರು, ಕೆಲವರು ರೈಲಿಗೆ ಎಂದರು. ಯಾರೋ ಮುಖಂಡರು ತೀರಿಕೊಂಡರಂತೆ ಎಂದು ಇನ್ನೊಬ್ಬರು ಹೇಳಿದಾಗ, ಯಾರೆಂದು ತಿಳಿಯದಿದ್ದರೂ ಒಳ್ಳೆಯವರಾಗಿದ್ದರು ಪಾಪ ಎಂದು ಒಪ್ಪಿಕೊಂಡರು.

ಆಸ್ಪತ್ರೆಯಲ್ಲಿ ರೇಣುಕಯ್ಯ ಹನ್ನೆರಡೂವರೆಗೆ, ಮನೆಯಿಂದ ತಂದಿದ್ದ ಟ್ರಾನ್ಸಿಸ್ಟರನ್ನು ಪರೀಕ್ಷೆ ಮಾಡೋಣವೆಂದು ತಿರುಪಿದ. ಒಳಗಿಂದ ಹಸಿದ ಸೊಳ್ಳೆಯಷ್ಟು ದನಿ ಬಂದು ಅದೂ ನಿಂತಿತು. ಸೆಲ್ಲು ಮುಗಿದಿದ್ದವು. ಅವನು ಪೇಟೆಗೆ ಓಡಿ ಬಂದು ನೋಡುತ್ತಾನೆ, ಬೀದಿಗೆ ಬೀದಿಯೇ ಹಲ್ಲು ಕಿತ್ತ ಬಾಯಂತೆ ಮುಚ್ಚಿಕೊಂಡಿದೆ. ಒಂದು ನಾಯಿ ನಡುರಸ್ತೆಯಲ್ಲಿ ಮಲಗಿ ಅದರ ಅನುಕೂಲವನ್ನು ಅನುಭವಿಸುತ್ತಿತ್ತು.

ಸೆಲ್ಲು ಮಾರುವ ನಾಗಲಿಂಗಯ್ಯನ ಅಂಗಡಿಯ ಹಲಗೆ ಬಾಗಿಲನ್ನು ಅವನು ಬಡಿದ. ಸಂದಿನಲ್ಲಿ ಒಂದು ಕಣ್ಣು ಕಾಣಿಸಿತು.

“ನಾಲ್ಕೇ ನಾಲ್ಕು ಸೆಲ್ಲು ಕೊಟ್ಬುಡಿ ನಾಗಲಿಂಗಣ್ಣ. ಈ ಸಂದೀಲೇ ತೂರಿಸಿ.”

“ಏನ್ ಸ್ವಾಮಿ ನೀವು, ಬಂದ್ ಮುರಿದೋನು ಅನ್ನಿಸ್ಕಂಡು ಕಲ್ಲೇಟು ತಿನ್ನಾ ಅಂತೀರಾ?”

“ಯಾರು ಕರೆದಿದ್ದು ಈ ಬಂದ್‌ನ?”

ಕಣ್ಣು ಆಚೀಚೆ ನೋಡಿ ದನಿ ತಗ್ಗಿಸಿತು. “ಎವರೋ ಪೆದ್ದವಾಳ್ಳೇ ಉಂಟಾರು, ಯಾರೋ ದೊಡ್ಡೋರೇ. ಸಣ್ಣೋರ ಕೈಲಿ ಊರು ಇಂಗೆ ಮುಚ್ಚುತ್ತಾ? ಇಂಗ್ಲಿಷ್‌ನಾಗೆ ನೋಟೀಸ್ ಹಾಕವ್ರಂತೆ.”

ಅಷ್ಟು ದೊಡ್ಡವನಿಗೆ ಇದೊಂದು ಗುರುವಾರವೇ ಬೇಕಾಗಿತ್ತೇ ಎಂದು ರೇಣುಕಯ್ಯನ ಮೈ ಉರಿಯಿತು. ಅಂಥವನನ್ನು ಹಿಡಿದು ಒಳಗೆ ಹಾಕಬೇಕು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ಮನೆ ಮನೆಗೂ ರೇಡಿಯೋ ಕೇಳಿಕೊಂಡು ಹೋಗೋಣವೆಂದರೆ, ಕದ ತಟ್ಟಿದವನು ಬಂದ್‌ನವನೆಂದು ತಿಳಿದು ಎಲ್ಲರೂ ಒಳಗಿಂದ ಅಗಳಿ ಹಾಕಿಕೊಳ್ಳುತ್ತಿದ್ದರು. ಊರಿನಲ್ಲಿ ತೆರೆದಿದ್ದ ಬಾಗಿಲು ಒಂದೇ, ಪೊಲೀಸ್ ಠಾಣೆಯದು. ಅದರ ಕಿಟಕಿಯಲ್ಲಿ ಒಂದು ದೊಡ್ಡ ರೇಡಿಯೋ ಗಟ್ಟಿಯಾಗಿ ಕೃಷಿ ಸಲಹೆ ಹೇಳುತ್ತಿತ್ತು.

ಗಡಿಯಾರ ಒಂದೂ ಮುಕ್ಕಾಲು. ಹಾಡು ಕೇಳಲು ಬಂದೆ ಎಂದರೆ ಠಾಣೆಯಲ್ಲಿ ಯಾರು ಕೂರಿಸಿಕೊಳ್ಳುತ್ತಾರೆ? ರೇಣುಕಯ್ಯ ಮೆಟ್ಟಿಲ ಮೇಲೆ ಒಂದು ಕ್ಷಣ ಯೋಚಿಸಿ, ಒಳಗೆ ಹೋಗಿ, ಬಂದ್ ಕರೆದವನ ಮೇಲೆ ಫಿರ್ಯಾದು ಕೊಡಬೇಕು ಎಂದ.

ಸಬ್ ಇನ್‌ಸ್ಪೆಕ್ಟರ್ ಮಹಾಲಿಂಗಯ್ಯನವರು ಕೊರಟಗೆರೆಯಿಂದ ವರ್ಗವಾಗಿ ಬಂದು ಇನ್ನೂ ವಾರ. ಬೆಳಿಗ್ಗೆಯಿಂದ ಊರೆಲ್ಲ ತಡಕಿದರೂ ಬಂದ್ ಕರೆದವನು ಯಾರೆಂದು ತಿಳಿಯದೆ, ಅತ್ತ ಮೇಲಿನವರಿಗೆ ಏನು ಹೇಳುವುದೆಂದೂ ತೋಚದೆ ಕೂತಿದ್ದ ಅವರಿಗೆ ರೇಣುಕಯ್ಯ ದೇವರಂತೆ ಕಂಡ.

“ಬನ್ರೀ, ಬನ್ನಿ, ಕೂತ್ಕಳಿ. ಊರಿಗೊಬ್ರಾದ್ರೂ ಧೈರ್ಯಸ್ಥರು ಇದೀರಲ್ಲ,” ಎಂದು ಕುರ್ಚಿ ಎಳೆದು ಹಾಕಿದರು.

ಫಿರ್ಯಾದು ಬರೆಯುವುದು ಎರಡು ಗಂಟೆಯವರೆಗೆ ಎಳೆಯಬೇಕೆಂದು ರೇಣುಕಯ್ಯ ಉದ್ದುದ್ದಕ್ಕೆ ಹೇಳಿದ. ಎಮ್ಮೆಗಳು ಚಿಕಿತ್ಸೆಯಿಲ್ಲದೆ ನರಳಿದ್ದನ್ನು ಹೇಳಿದ, ಸೆಲ್ಲು ಸಿಗದಿದ್ದುದನ್ನು ಎರಡು ಸಲ ಹೇಳಿದ. ಅಪರಾಧಿ ಎಷ್ಟೇ ದೊಡ್ಡವನಾದರೂ ದಯೆ ತೋರಿಸಬಾರದು ಎಂಬ ಸಾಲನ್ನು ಅವನೇ ಒತ್ತಾಯ ಮಾಡಿ ಬರೆಸಿದ. ಸಹಿ ಆಯಿತು. ಪುಸ್ತಕದಲ್ಲಿ ನಂಬರ್ ಬಿತ್ತು.

ಅಷ್ಟರಲ್ಲಿ ಪೇದೆಯೊಬ್ಬ ಚಿಕ್ಕರಂಗಯ್ಯನನ್ನು, ಸಾಕ್ಷಿಗೆಂದು ಅವನ ಕಪ್ಪು ಹಲಗೆಯನ್ನು ಅವನ ಮೇಲೇ ಹೊರಿಸಿ, ಕರೆತಂದ. ರೇಣುಕಯ್ಯ ಹಲಗೆ ನೋಡಿದ. ಈರುಳ್ಳಿ ದೋಸೆಯ ಕೆಳಗೆ ತನ್ನದೇ ಅಕ್ಷರ, ದಪ್ಪಗೆ, ದುಂಡಗೆ, ತನ್ನನ್ನೇ ನೋಡುತ್ತಿತ್ತು. ಓಬಳಯ್ಯ ಹೇಗೆ ಓದಿದನೆಂದು ಪೇದೆ ವಿವರಿಸುತ್ತಿದ್ದಂತೆ ರೇಣುಕಯ್ಯ ಬೆಳಿಗ್ಗೆ ಸೀಮೆಸುಣ್ಣ ಹಿಡಿದಿದ್ದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ನನ್ ಕೈಲಿ ಕನ್ನಡಾನೇ ಬರೆಯಾಕಾಗಲ್ಲ ಸಾ. ದೋಸೆ ಅನ್ನಾದ್ನೂ ಗಿರಾಕಿಗಳ ಕೈಲೇ ಬರೆಸಾದು,” ಎಂದು ಚಿಕ್ಕರಂಗಯ್ಯ ಅಳುತ್ತಿದ್ದ.

ಇನ್‌ಸ್ಪೆಕ್ಟರು ರೇಣುಕಯ್ಯನ ಕಡೆ ತಿರುಗಿ, “ನೀವು ಓದಿದೋರು. ಏನ್ ಬರ್ದಿದೆ ಅಂತ ನೀವೇ ಹೇಳ್ರೀ,” ಎಂದರು.

ಗಡಿಯಾರದಲ್ಲಿ ಎರಡಕ್ಕೆ ಎರಡು ನಿಮಿಷ. ನಿಜ ಹೇಳಿದರೆ ಈಗಲೇ ಎಬ್ಬಿಸುತ್ತಾರೆ, ಹಾಡು ಹೋಗುತ್ತದೆ. ಹಾಡು ಮೂರೇ ನಿಮಿಷದ್ದು. ಕೇಳಿಬಿಟ್ಟು ಎದ್ದು ನಿಂತು ಎಲ್ಲ ಒಪ್ಪಿಕೊಂಡು ಚಿಕ್ಕರಂಗಯ್ಯನನ್ನು ಬಿಡಿಸಿದರಾಯಿತು. ಐದು ನಿಮಿಷ ಅತ್ತರೆ ಅವನೇನೂ ಕರಗಿಹೋಗುವುದಿಲ್ಲ.

“ರಸ್ತೆ ಬಂದ್ ಅಂತಲೇ ಇದೆ ಸಾ,” ಎಂದ ರೇಣುಕಯ್ಯ.

ಎರಡಾಯಿತು. ಕಿಟಕಿಯ ರೇಡಿಯೋ ಕರಕರ ಅಂದಿತು. ಹೆಣ್ಣು ದನಿಯೊಂದು ಸ್ಪಷ್ಟವಾಗಿ, ಗೌರವದಿಂದ, ಠಾಣೆಯ ಲಾಕಪ್ಪಿನವರೆಗೂ ಕೇಳುವಂತೆ ಹೇಳಿತು: “ಸಮಯ ಎರಡು ಗಂಟೆ. ಈಗ, ರಸ್ಟಿ ಬ್ಯಾಂಡ್. ಈ ಬ್ಯಾಂಡ್ ಬೇಕೇ ಬೇಕೆಂದು ಹನ್ನೊಂದು ಪತ್ರ ಬರೆದು ಒತ್ತಾಯಿಸಿರುವವರು, ಪಾವಗಡ ದನದ ಆಸ್ಪತ್ರೆಯ ಶ್ರೀ ರೇಣುಕಯ್ಯ.”

ಡಬಡಬ ಡ್ರಮ್ಮು ಶುರುವಾಯಿತು.

ಇನ್‌ಸ್ಪೆಕ್ಟರು ಹಲಗೆ ನೋಡಿದರು, ರೇಡಿಯೋ ನೋಡಿದರು, ಫಿರ್ಯಾದಿನ ಕೆಳಗಿದ್ದ ಇಂಗ್ಲಿಷ್ ಸಹಿ ನೋಡಿದರು. ಹಲಗೆಯ ಅಕ್ಷರವೂ ಸಹಿಯ ಅಕ್ಷರವೂ ಒಂದೇ ತಾಯಿಯ ಮಕ್ಕಳಂತಿದ್ದವು. “ಹನ್ನೊಂದು ಪತ್ರ ಬರ್ದು ಬೆಂಗಳೂರಿಂದ ಬಂದ್ ಕರೆಸಿದೀಯೇನ್ಲಾ?” ಎಂದು ಎದ್ದು, ಮೊದಲು ಆ ಗಲಾಟೆ ನಿಲ್ಲಿಸು ಎಂದು ಪೇದೆಗೆ ಹೇಳಿದರು. ಅದೇ ಸಾ ಬ್ಯಾಂಡು, ಒಂದೇ ಒಂದು ನಿಮಿಷ ಕೇಳಿ ಸಾ, ನಿಮಗೂ ಹಿಡಿಸುತ್ತೆ ಎಂದು ರೇಣುಕಯ್ಯ ಕೈಮುಗಿಯುವಷ್ಟರಲ್ಲಿ ಪೇದೆ ಕಿವಿ ಹಿಂಡಿದಂತೆ ರೇಡಿಯೋ ತಿರುಪಿದ.

ಆಮೇಲೆ ಅರ್ಧ ಗಂಟೆ ರೇಣುಕಯ್ಯ ಹರಿಕಥೆಯಿಂದ ಹಿಡಿದು ಹೀರೇ ಬಳ್ಳಿಯವರೆಗೆ ಎಲ್ಲ ಹೇಳಿದ. ಮಹಾಲಿಂಗಯ್ಯನವರು ಕೆಟ್ಟವರಲ್ಲ. ಅರ್ಥವಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಚಿಕ್ಕರಂಗಯ್ಯನಿಗೆ ಹಲಗೆ ಹೊರಿಸಿ ಮನೆಗೆ ಕಳಿಸಿದರು. ಹಾಗಾದರೆ ನಾನೂ ಬರಲಾ ಸಾ ಎಂದು ರೇಣುಕಯ್ಯ ಕೇಳಿದಾಗ ಮಾತ್ರ ಅವರ ಕೈ ಪುಸ್ತಕದ ಮೇಲೆ ಹೋಯಿತು.

“ನಂಬರ್ ಬಿದ್ದೋಗಿದೆಯಲ್ರೀ. ದಯೆ ತೋರಿಸಬಾರ್ದು ಅಂತ ಬೇರೆ ಬರೆಸಿದೀರ.”

“ಫಿರ್ಯಾದಿ ನಾನೇ ಅಲ್ವಾ ಸಾ? ನಾನೇ ವಾಪಸ್ ತಗೋತೀನಿ.”

ಇನ್‌ಸ್ಪೆಕ್ಟರ ಹುಬ್ಬು ಮೇಲೇರಿತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅವರು ಇಂಥದ್ದು ಎಷ್ಟೋ ನೋಡಿದ್ದರು. ಮಧ್ಯಾಹ್ನ ಅಷ್ಟು ಆವೇಶದಲ್ಲಿ ದೂರು ಕೊಟ್ಟವನು ಅರ್ಧ ಗಂಟೆಯಲ್ಲಿ ಬೇಡ ಅನ್ನುತ್ತಾನೆ ಎಂದರೆ ಅದಕ್ಕೆ ಒಂದೇ ಕಾರಣ.

“ಲೇ, ಫಿರ್ಯಾದೀನ ಹೆದರಿಸಿದೀಯೇನ್ಲಾ ನೀನು?” ಎಂದು ರೇಣುಕಯ್ಯನನ್ನೇ ಗದರಿದರು. ತಕ್ಷಣ ದನಿ ಮೆತ್ತಗೆ ಮಾಡಿ, “ನೀವು ಹೆದ್ರಬೇಡಿ ರೀ, ನಾವಿದೀವಿ. ಕೂತ್ಕಳಿ,” ಎಂದರು.

ರೇಣುಕಯ್ಯ ಕುರ್ಚಿಯ ಕಡೆಗೆ ಬಗ್ಗಿದ.

“ನೀನ್ಯಾಕ್ಲಾ ಕೂತ್ಕಂತೀಯಾ? ಆರೋಪಿ ನೀನು, ನಿಂತ್ಕ.”

ಅವನು ಗಡಬಡಿಸಿ ಎದ್ದ. ಫಿರ್ಯಾದಿಗಳಿಗೆ ಟೀ ತರಿಸು ಎಂದು ಇನ್‌ಸ್ಪೆಕ್ಟರು ಪೇದೆಗೆ ಹೇಳಿದರು, ಹೇಳುತ್ತಲೇ ಕುರ್ಚಿ ತೋರಿಸಿದರು. ರೇಣುಕಯ್ಯ ಮತ್ತೆ ಬಗ್ಗಿದ, ಬಗ್ಗುತ್ತಲೇ ಅವರ ಮುಖ ನೋಡಿದ, ನೋಡಿ ಅಲ್ಲೇ ನಿಂತ. ಮಂಡಿ ಅರ್ಧ ಮಡಿಸಿ, ಕುರ್ಚಿಗೆ ಒಂದು ಗೇಣು ಮೇಲೆ, ಕೂರದೆಯೂ ನಿಲ್ಲದೆಯೂ ಅವನು ಹಾಗೇ ಇದ್ದ. ಯಾರ ಮಾತು ಕೇಳಬೇಕೆಂದು ತಿಳಿಯದ ಅವನ ಎರಡು ತೊಡೆಗಳೂ, ನಿಂತುಹೋದ ಆ ಡಬಡಬ ಡ್ರಮ್ಮಿನ ತಾಳಕ್ಕೆ ಸರಿಯಾಗಿ ನಡುಗುತ್ತಿದ್ದವು.