ಚಾಳಿನ ನೈಟ್ರೋಜನ್ ಎಲ್ಲಿಗೆ ಹೋಯಿತು?

ನೌಕರಿಯುದ್ದಕ್ಕೂ ನಾನು ಜನ ಮೂಗು ಮುಚ್ಚಿಕೊಂಡು ದಾಟುವ ಜಾಗದಲ್ಲೇ ನಿಂತವನು. ಮುಂಬಯಿಯ ಒಂದು ಸರ್ಕಾರಿ ಖಾತೆಯಲ್ಲಿ ಓವರ್‌ಸಿಯರ್. ಸೆಪ್ಟಿಕ್ ಟ್ಯಾಂಕು, ಗಟಾರ, ಬಾವಿ ನೋಡಿಕೊಳ್ಳುವ ಕೆಲಸ. ಮೂಗು ಮುಚ್ಚಿಕೊಂಡವರಿಗೆ ಸರಿಯಾಗಿ ನಗಲು ಬರುವುದಿಲ್ಲ, ಬಾಯಿಂದ ಉಸಿರಾಡಬೇಕಲ್ಲ. ಹಾಗಾಗಿ ಅವರ ಪಾಲಿನ ನಗುವೂ ನನ್ನ ಪಾಲಿಗೇ ಬರುತ್ತಿತ್ತು. ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಮುಚ್ಚಳ ಎತ್ತಿದರೆ ಸಾಕು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಅಂಟಿಕೊಂಡ ಒಂದು ಉಪನಗರದ ಚಾಳಿನಲ್ಲಿ ನನ್ನ ಖೋಲಿ. ಉಪನಗರದ ಹೆಸರು ಬೇಡ, ಆ ಚಾಳಿನ ಕೆಳಗಿನ ಹೋಟೆಲು ಇನ್ನೂ ಚೆನ್ನಾಗಿ ನಡೆಯುತ್ತಿದೆ. ಅಲ್ಲಿಗೆ ಗಟಾರದ ಪೈಪು ಬಂದಿರಲಿಲ್ಲ. ಪ್ರತಿ ಚಾಳಿಗೆ ಒಂದು ಸೆಪ್ಟಿಕ್ ಟ್ಯಾಂಕು, ಅದರ ನೀರು ಇಂಗಲು ಒಂದು ಗುಂಡಿ, ಆ ಗುಂಡಿಯ ಕೂಗಳತೆಯಲ್ಲಿ ಒಂದು ಬಾವಿ. ನಮ್ಮ ಚಾಳಿನಲ್ಲಿ ಕೂಗುವ ಅಗತ್ಯವೂ ಇರಲಿಲ್ಲ, ಗುಂಡಿ ಪಿಸುಗುಟ್ಟಿದರೆ ಬಾವಿಗೆ ಕೇಳಿಸುತ್ತಿತ್ತು.

ನಳದ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಚಾಳು ಬದುಕಿದ್ದು ಬಾವಿಯ ಮೇಲೆ. ಕೆಳಗೆ ಉಡುಪಿ ಕಡೆಯ ರಾಯರ ಹೋಟೆಲು. ಇಡ್ಲಿ, ಸಾಂಬಾರು, ಚಹಾ ಎಲ್ಲಕ್ಕೂ ಅದೇ ನೀರು. ನಮ್ಮ ಸಾಹೇಬರು, ಅಲಿಬಾಗ್ ಕಡೆಯ ಮರಾಠಿ ಇಂಜಿನಿಯರು, ಆ ನೀರನ್ನು ಪರೀಕ್ಷೆ ಮಾಡಿಸಿ ಹೌಹಾರಿದರು. ಟ್ಯಾಂಕಿನ ನೀರಿನಲ್ಲಿರುವ ನೈಟ್ರೋಜನ್ ಬಾವಿಗೆ ಇಳಿಯುತ್ತಿದೆ, ಹಸುಗೂಸಿನ ಹಾಲಿಗೆ ಈ ನೀರು ಬೆರೆಸಿದರೆ ಅಪಾಯ, ಖಾಡಿ ಪಾಚಿಗಟ್ಟಿ ಹಸಿರಾಗಿರುವುದೂ ಇದರಿಂದಲೇ ಎಂದರು. ದೀಪಾವಳಿಯೊಳಗೆ ಸರಿಹೋಗದಿದ್ದರೆ ಬಾವಿಗೆ ಸಿಮೆಂಟಿನ ಮುಚ್ಚಳ ಎಂದು ಗುಡುಗಿದರು. ಬಾವಿ ಮುಚ್ಚಿದರೆ ಹೋಟೆಲು ಮುಚ್ಚಿದಂತೆಯೇ. ರಾಯರಿಗೆ ಬೇರೆ ಗತಿ ಇರಲಿಲ್ಲ. ನನಗೂ ಇರಲಿಲ್ಲ, ನನ್ನ ತಿಂಡಿ ಊಟ ಎರಡೂ ಅಲ್ಲೇ.

ಯಾರ ಮಹಡಿಯದು?

ಮೊದಲು ಜನರಿಗೆ ತಿಳಿಸಿ ಹೇಳಬೇಕೆಂದು ಸಾಹೇಬರು ಒಂದು ಭಾನುವಾರ ಹೋಟೆಲಿನಲ್ಲೇ ಸಭೆ ಕರೆದರು. ಚಾಳಿಗೆ ಚಾಳೇ ಇಳಿದು ಬಂತು. ಸಾಹೇಬರು ಕರಿಹಲಗೆಯ ಮೇಲಿದ್ದ ‘ಮಸಾಲೆ ದೋಸೆ’ಯನ್ನು ಒರೆಸಿ ಟ್ಯಾಂಕು, ಗುಂಡಿ, ಬಾವಿಗಳ ಚಿತ್ರ ಬರೆದು, ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬಾಣ ಹಾಕಿ ತೋರಿಸಿದರು. ಒಂದು ಕ್ಷಣ ಎಲ್ಲರೂ ಕೈಯಲ್ಲಿದ್ದ ಚಹಾದ ಲೋಟ ನೋಡಿದರು. ಆಮೇಲೆ ಯುದ್ಧ ಶುರುವಾಯಿತು.

“ನಮ್ಮದರಿಂದ ಏನೂ ಆಗುವುದಿಲ್ಲ, ನಾವು ಶುದ್ಧ ಸಸ್ಯಾಹಾರಿಗಳು” ಎಂದರು ಎರಡನೇ ಮಹಡಿಯ ಮಾಸ್ತರರು. “ಮೊದಲನೇ ಮಹಡಿಯವರನ್ನು ಕೇಳಿ. ಬೆಳಗಾದರೆ ಬಂಗುಡೆ, ರಾತ್ರಿಯಾದರೆ ಬೊಂಬಿಲ್.”

“ನಮ್ಮ ಮೀನು ನಿಮ್ಮ ಬಾವಿಗೆ ಹಾರಿತಾ?” ಎಂದು ಮೊದಲನೇ ಮಹಡಿ ಎದ್ದು ನಿಂತಿತು.

ಸಾಹೇಬರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ನೈಟ್ರೋಜನ್‌ಗೆ ಜಾತಿ ಇಲ್ಲ, ಮೀನಿನಲ್ಲೂ ಇದೆ, ತೊಗರಿ ಬೇಳೆಯಲ್ಲೂ ಇದೆ ಎಂದು ತಿಳಿಸಿದರು.

ಬೇಳೆ ಎಂದ ಕೂಡಲೇ ಗಲ್ಲಾದ ಹಿಂದಿದ್ದ ರಾಯರು ತಟ್ಟನೆ ಎದ್ದರು. “ಎಂತ ಮಾರಾಯ್ರೆ, ನನ್ನ ಸಾಂಬಾರಿನ ಮೇಲೆ ಬಂತಾ ಈಗ? ಬೇಕಾದ್ರೆ ಪರೀಕ್ಷೆ ಮಾಡಿಸಿ. ನನ್ನ ಸಾಂಬಾರಿನಲ್ಲಿ ಅದೆಲ್ಲ ಇಲ್ಲವೇ ಇಲ್ಲ!”

ಹಿಂದಿನ ಬೆಂಚಿನಿಂದ ಒಬ್ಬ ಗಿರಾಕಿ ಕೂಗಿದ, “ರಾಯರು ಹೇಳೋದು ನಿಜ ಸಾಹೇಬ್. ಅದರಲ್ಲಿ ಬೇಳೆಯೇ ಇಲ್ಲ!”

ವಿಶೇಷ ಇಡ್ಲಿ

ಮಾತಿನಿಂದ ಒಪ್ಪದವರನ್ನು ಕಣ್ಣಿಗೆ ತೋರಿಸಿ ಒಪ್ಪಿಸಬೇಕೆಂದು ಸಾಹೇಬರು ನನ್ನ ಕೈಗೆ ಹಸಿರು ಬಣ್ಣದ ಪುಡಿಯ ಪೊಟ್ಟಣ ಕೊಟ್ಟರು. ಪುಡಿಯಿಂದ ಯಾರಿಗೂ ಅಪಾಯವಿಲ್ಲ. ಅದನ್ನು ಸಂಡಾಸಿನಲ್ಲಿ ಹಾಕಿ ನೀರು ಬಿಡಬೇಕು, ಬಾವಿಯ ನೀರಿನಲ್ಲಿ ಬಣ್ಣ ಕಂಡರೆ ಗುಂಡಿಯ ನೀರು ಬಾವಿಗೆ ಹೋಗುತ್ತಿದೆ ಎಂದು ಅರ್ಥ. “ಒಂದು ಚಿಟಿಕೆ ಸಾಕು” ಎಂದಿದ್ದರು. ನಾನು ಗದಗಿನ ಕಡೆಯವನು. ಖಾರದ ಪುಡಿ ಹಾಕುವಾಗ ನಮ್ಮ ಕಡೆಯ ಚಿಟಿಕೆ ಒಂದು ಮುಷ್ಟಿಯಷ್ಟಿರುತ್ತದೆ. ಅದೇ ಅಳತೆಯಲ್ಲಿ ಹಾಕಿದೆ. ಕೆಲವು ದಿನ ಬಾವಿಯಲ್ಲಿ ಇಣುಕಿ ಇಣುಕಿ ನೋಡಿದೆ. ಏನೂ ಕಾಣದೆ ಮರೆತುಬಿಟ್ಟೆ.

ಆಮೇಲೆ ಒಂದು ಬೆಳಿಗ್ಗೆ ತಿಂಡಿಗೆ ಇಳಿದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರ ತಟ್ಟೆಯಲ್ಲೂ ತಿಳಿ ಹಸಿರು ಇಡ್ಲಿ! ರಾಯರು ಬೀಗುತ್ತಾ ಗಲ್ಲಾದಲ್ಲಿ ಕೂತಿದ್ದಾರೆ. ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಇಂದಿನ ವಿಶೇಷ: ಕೊತ್ತಂಬರಿ ಇಡ್ಲಿ’.

“ಅಡುಗೆಯವನು ಹಿಟ್ಟಿಗೆ ಎಂತದೋ ಸೊಪ್ಪು ಬೀಳಿಸಿದ್ದಾನೆ ಮಾರಾಯ್ರೆ” ಎಂದು ನನ್ನ ಕಿವಿಯಲ್ಲಿ ಹೇಳಿದರು. “ಬೈಯುವ ಅಂತ ಇದ್ದೆ. ನೋಡಿದರೆ ಜನ ಮುಗಿಬಿದ್ದು ತಿಂತಾರೆ!”

ನಾನು ಅವರನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಒಂದು ಕೊಡ ನೀರು ಸೇದಿ ತೋರಿಸಿದೆ. ಕೊತ್ತಂಬರಿ ಯಾವ ದಾರಿಯಿಂದ ಬಂತೆಂದು ಮೆಲ್ಲಗೆ ಹೇಳಿದೆ. ರಾಯರು ಓಡಿಹೋಗಿ ಹಲಗೆಯ ಮೇಲಿನ ‘ವಿಶೇಷ’ವನ್ನು ಒರೆಸಿದರು. ಬಣ್ಣ ಹೋಗುವವರೆಗೆ ಅಡುಗೆಗೆ ಟ್ಯಾಂಕರಿನ ನೀರು ತರಿಸಿದರು. ಬಾವಿಯ ವಿಷಯದಲ್ಲಿ ಆ ಮನುಷ್ಯ ಮತ್ತೆ ನನ್ನೊಡನೆ ವಾದಿಸಲೇ ಇಲ್ಲ. ವಾದಿಸಿದವರು ಗಿರಾಕಿಗಳು. ಮರುದಿನ ಬಿಳಿ ಇಡ್ಲಿ ಕಂಡವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಇದೇನ್ರಿ ರಾಯರೇ, ನಿನ್ನೆಯ ರುಚಿ ಇವತ್ತಿಲ್ಲ?”

ಮಣ್ಣಿನ ಪರಿಮಳ

ಬಾವಿಯ ಪಕ್ಕದ ಗುಂಡಿ ಮುಚ್ಚಿ, ಟ್ಯಾಂಕಿನ ನೀರನ್ನು ಚಾಳಿನ ಹಿಂದಿನ ಬಯಲಿಗೆ ತಿರುಗಿಸಿದೆವು. ಉದ್ದಕ್ಕೆ ಕಾಲುವೆ ತೋಡಿ, ಜಲ್ಲಿ ತುಂಬಿ, ಮೇಲೆ ಮಣ್ಣು ಹರಡಿ ಬಾಳೆ, ಕೆಸು ನೆಟ್ಟೆವು. ನೀರು ಮಣ್ಣಿನ ಅಡಿಯಲ್ಲೇ ಹರಿಯುತ್ತದೆ, ಬೇರುಗಳು ನೈಟ್ರೋಜನ್ ಹೀರಿಕೊಳ್ಳುತ್ತವೆ, ಬಾವಿಗೂ ಖಾಡಿಗೂ ಹೋಗುವುದು ಕಡಿಮೆಯಾಗುತ್ತದೆ. ಸಾಹೇಬರು ನನಗೆ ತಾಕೀತು ಮಾಡಿದರು: “ಯಾರಿಗೂ ಅಡಿಯಲ್ಲಿ ಏನಿದೆ ಎಂದು ಹೇಳಬೇಡಿ. ತೋಟ ಅನ್ನಿ. ಇಲ್ಲದಿದ್ದರೆ ಅಕ್ಕಪಕ್ಕದ ಚಾಳಿನವರು ಮೋರ್ಚಾ ತರುತ್ತಾರೆ.”

ತೋಟ ಅಂದದ್ದೇ ತಪ್ಪಾಯಿತು. ತೋಟವಾದರೆ ಉದ್ಘಾಟನೆ ಬೇಡವೇ? ಚಾಳಿನವರು ಚಂದಾ ಎತ್ತಿ, ಶಾಮಿಯಾನ ಹಾಕಿ, ಆ ಭಾಗದ ಪುಢಾರಿಯೊಬ್ಬರನ್ನು ಕರೆತಂದರು. ಅವರು ತೆಂಗಿನಕಾಯಿ ಒಡೆದು, ಬಗ್ಗಿ ಒಂದು ಹಿಡಿ ಮಣ್ಣನ್ನು ಕೈಯಲ್ಲಿ ಎತ್ತಿಕೊಂಡರು. ನಾನು ಬಾಯಿ ತೆರೆದೆ. ಸಾಹೇಬರು ನನ್ನ ಕಾಲು ತುಳಿದರು.

ಪುಢಾರಿಯವರು ಮಣ್ಣನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದರು. “ನನ್ನ ಹಳ್ಳಿ ಬಿಟ್ಟು ಎಷ್ಟೋ ವರ್ಷವಾಯಿತು. ಈ ಪರಿಮಳ ಇವತ್ತು ಮತ್ತೆ ಸಿಕ್ಕಿತು” ಎಂದು ಗದ್ಗದಿತರಾದರು. ಹೋಗುವಾಗ ಮನೆಯ ಕುಂಡಗಳಿಗೆಂದು ಒಂದು ಚೀಲ ತುಂಬಿಸಿಕೊಂಡೂ ಹೋದರು.

ಆಡಿನ ಸಾಕ್ಷಿ

ಮಳೆ ಬಿದ್ದದ್ದೇ ತಡ, ಕೆಸು ಆನೆಯ ಕಿವಿಯಷ್ಟು ಅಗಲ ಎಲೆ ಬಿಟ್ಟಿತು. ನಾನು ದಿನಾ ನೋಡಿ ಹಿಗ್ಗುತ್ತಿದ್ದೆ. ಆಮೇಲೆ ಒಂದು ದಿನ ನೋಡಿದರೆ ದೊಡ್ಡ ಎಲೆಗಳೆಲ್ಲ ಮಾಯ, ಬರೀ ದಂಟು ನಿಂತಿದೆ. ಮತ್ತೆ ಚಿಗುರಿದವು, ಮತ್ತೆ ಮಾಯ. ಗಿಡವಿಲ್ಲದಿದ್ದರೆ ನೈಟ್ರೋಜನ್ ಹೀರುವವರು ಯಾರು? ಬಾವಿ ಉಳಿಯುವುದು ಹೇಗೆ?

ಆ ಸಂಕಟವನ್ನೆಲ್ಲ ನಾನು ತೋಡಿಕೊಳ್ಳುತ್ತಿದ್ದುದು ಹೋಟೆಲಿನಲ್ಲಿ. ಆ ಮಳೆಗಾಲ ರಾಯರ ತಾಯಿ ಊರಿನಿಂದ ಬಂದಿದ್ದರು. ಬಹಳ ಮಡಿಯ ಹೆಂಗಸು. ಅವರ ಕೈಯ ಹೊಸ ತಿಂಡಿಯೊಂದು ಹೋಟೆಲಿಗೆ ಬಂದಿತ್ತು, ಪತ್ರೊಡೆ. ಸುರುಳಿ ಸುರುಳಿಯಾದ ಬಿಲ್ಲೆಗಳು, ಹುಳಿ ಖಾರ ಬೆಲ್ಲ ಎಲ್ಲ ಹದವಾಗಿ ಬೆರೆತದ್ದು, ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿದ್ದು. ನಮ್ಮ ಕಡೆ ರೊಟ್ಟಿ ಪಲ್ಯ ಬಿಟ್ಟರೆ ಸುತ್ತಿ ಬೇಯಿಸುವ ಉಸಾಬರಿ ಇಲ್ಲ. ಒಳಗೇನಿದೆ ಎಂದು ನಾನು ಕೇಳಲೂ ಇಲ್ಲ. ಬಾಯಿ ತುಂಬ ಪತ್ರೊಡೆ ತುಂಬಿಕೊಂಡು, “ಎಲೆ ಕದ್ದ ಆ ಕಳ್ಳ ನನ್ನ ಕೈಗೆ ಸಿಗ್ಲಿ ರಾಯರ, ಅವನ ಹಲ್ಲು ಉದುರಿಸ್ತೀನಿ” ಎಂದು ಗುಡುಗುತ್ತಿದ್ದೆ. ಗಿರಾಕಿಗಳೆಲ್ಲ, ಅವರೂ ಬಾಯಿ ತುಂಬಿಕೊಂಡೇ, “ಬಿಡಬೇಡಿ ಅವನನ್ನ” ಎಂದು ಹುರಿದುಂಬಿಸುತ್ತಿದ್ದರು.

ಕೊನೆಗೆ ನನ್ನ ಅನುಮಾನ ಪಕ್ಕದ ಕಟ್ಟಡ ಕೆಲಸದ ಮೇಸ್ತ್ರಿಯ ಆಡಿನ ಮೇಲೆ ಬಿತ್ತು. ಮೇಸ್ತ್ರಿ ವಿಜಾಪುರದ ಕಡೆಯವ. ನಾನು ಹೋಗಿ ಜಬರಿಸಿದ್ದಕ್ಕೆ ಆತ ಸಿಟ್ಟಾಗಲಿಲ್ಲ, ಆಡಿನ ಕಿವಿ ಹಿಡಿದು ತೋಟಕ್ಕೇ ಎಳೆದು ತಂದ. ಒಂದು ಚಿಗುರು ಕೆಸುವಿನ ಎಲೆ ಕಿತ್ತು ಅದರ ಮೂತಿಗೆ ಹಿಡಿದ. ಆಡು ಮೂಸಿತು, ಸೀನಿತು, ಮುಖ ತಿರುಗಿಸಿತು. ಇನ್ನೊಂದು ಹಿಡಿದ. ಅದು ನನ್ನ ಧೋತರದ ಅಂಚನ್ನು ತಿನ್ನಲು ಶುರುಮಾಡಿತು.

“ನೋಡಿದ್ರ್ಯಾ ಸಾಹೇಬ್ರ?” ಎಂದ ಮೇಸ್ತ್ರಿ. “ಕೆಸು ತಿಂದ್ರ ಗಂಟಲಾ ತುರಸ್ತೈತಿ. ಆಡಿಗೂ ಅಷ್ಟು ತಿಳೀತೈತಿ. ಇದನ್ನ ತಿನ್ನಾಂವ ಯಾವನೋ ಆಡಿಗಿಂತಾ ಕಡಿ ಇರಬೇಕ್ರಿ!”

ನಾನು ನೂರಕ್ಕೆ ನೂರು ಒಪ್ಪಿ, ಆಡಿನ ಬೆನ್ನು ತಟ್ಟಿ, ಪತ್ರೊಡೆ ತಿನ್ನಲು ಹೋದೆ.

ಲೆಕ್ಕ ಚುಕ್ತಾ

ದೀಪಾವಳಿ ಹತ್ತಿರ ಬಂತು. ಬಾವಿಯ ನೀರನ್ನು ಮತ್ತೆ ಪರೀಕ್ಷೆಗೆ ಕೊಟ್ಟಿದ್ದರು. ಫಲಿತಾಂಶ ಹೇಳಲು ಸಾಹೇಬರೇ ಬಂದರು. ಮುಖ ನೋಡಿದರೆ ಪಾಸೋ ಫೇಲೋ ಗೊತ್ತಾಗದು. ನೇರ ಹಿಂದಿನ ತೋಟಕ್ಕೆ ನಡೆದರು. ಬಾಳೆ ಚೆನ್ನಾಗಿತ್ತು. ಕೆಸುವಿನ ಸಾಲಿನಲ್ಲಿ ಬರೀ ದಂಟು. “ಎಲೆಗಳೆಲ್ಲಿ?” ಎಂದರು. ರಾಯರು ಬಾವಿಯನ್ನೊಮ್ಮೆ, ಹೋಟೆಲಿನ ಬೋರ್ಡನ್ನೊಮ್ಮೆ ನೋಡಿ ಕಣ್ಣು ಒರೆಸಿಕೊಂಡರು. ಅವರನ್ನು ನೋಡಿ ನನಗೂ ಅಳು ಬಂತು.

ರಾಯರ ತಾಯಿ ಹಿತ್ತಿಲ ಬಾಗಿಲಿನಿಂದ ಕರೆದರು. “ಎಲ್ಲರೂ ಎಂತ ಬಿಸಿಲಲ್ಲಿ ನಿಂತದ್ದು? ಮೊದಲು ತಿಂಡಿ ತಿನ್ನಿ.”

ತಟ್ಟೆ ಕಂಡದ್ದೇ ಸಾಹೇಬರ ಮುಖ ಅರಳಿತು. “ಅರೇ ವಾ, ಅಳುವಡಿ!” ಎಂದು ಪತ್ರೊಡೆಯನ್ನು ಮರಾಠಿಯಲ್ಲಿ ಕರೆದರು. ಒಂದು ತಿಂದರು, ಇನ್ನೊಂದು ತಿಂದರು. ಮೂರನೆಯದನ್ನು ಎತ್ತಿದವರು ಹಾಗೇ ನಿಲ್ಲಿಸಿದರು. ಕೈಯಲ್ಲಿದ್ದ ಬಿಲ್ಲೆ ನೋಡಿದರು, ಕಿಟಕಿಯ ಆಚೆಯ ಬೋಳು ದಂಟು ನೋಡಿದರು, ಮತ್ತೆ ಬಿಲ್ಲೆ ನೋಡಿದರು. “ಅಮ್ಮಾ, ಈ ಕೆಸುವಿನ ಎಲೆ ಎಲ್ಲಿಯದು?”

“ಕೆಸುವಿನ ಎಲೆಯೇ?” ಎಂದು ಕಿರುಚಿದವನು ನಾನು. ನನ್ನ ಬಾಯಲ್ಲೂ ಒಂದಿತ್ತು.

“ಮತ್ತೆ ಪತ್ರೊಡೆ ಎಂತದರಲ್ಲಿ ಮಾಡುವುದು? ಹಿಂದೆ ಇವರ ತೋಟ ಉಂಟಲ್ಲ, ಬೆಳಿಗ್ಗೆ ಸ್ನಾನ ಮಾಡಿ, ಮಡಿಯಲ್ಲೇ ಕೊಯ್ದು ತರುವುದು.”

ಮಡಿ ಎಂಬ ಮಾತು ಕೇಳಿ ನನ್ನಿಂದ ತಡೆಯಲಾಗಲಿಲ್ಲ. “ಅಮ್ಮಾರ, ಅದು ತೋಟ ಅಲ್ರೀ… ಅದರ ಬುಡಕ…” ಎಂದೆ. ಎಲೆ ಪೇಟೆಯದೆಂದೇ ನಂಬಿದ್ದ ರಾಯರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು.

ಅಮ್ಮ ಸೌಟು ಕೆಳಗಿಡಲಿಲ್ಲ. “ಪೈಪು ನನಗೆ ಕಾಣುವುದಿಲ್ಲವಾ? ಊರಿನಲ್ಲಿ ನಮ್ಮ ಕೆಸು ಬೆಳೆಯುವುದೂ ಬಚ್ಚಲ ನೀರಿನಲ್ಲೇ. ಕೆಸು ಮತ್ತೆಲ್ಲಿ ಬೆಳೀತದೆ, ದೇವರ ಕೋಣೆಯಲ್ಲಾ? ಅಷ್ಟು ಹೊತ್ತು ಹಬೆಯಲ್ಲಿ ಬೆಂದ ಮೇಲೆ ಅದಕ್ಕೆಂತ ಮೈಲಿಗೆ!”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀರು ಕುಡಿದು, ಕುಡಿದದ್ದು ಆ ಬಾವಿಯದೇ, ಮತ್ತೆ ನಕ್ಕರು. “ನೀರು ಪಾಸಾಗಿದೆ!” ಎಂದರು. “ಗಿಡ ನೈಟ್ರೋಜನ್ ಹೀರುತ್ತದೆ ಸರಿ. ಆದರೆ ಎಲೆ ಅಲ್ಲೇ ಉದುರಿ ಕೊಳೆತರೆ ಅದು ಮತ್ತೆ ಮಣ್ಣಿಗೇ. ಆಗಾಗ ಕೊಯ್ದು ಬೇರೆಡೆ ಸಾಗಿಸಬೇಕು. ಅದನ್ನು ನಿಮಗೆ ಹೇಳಲು ನಾನೇ ಮರೆತಿದ್ದೆ. ಅಮ್ಮ ನಮ್ಮ ಬಾವಿ ಉಳಿಸಿದರು!”

ರಾಯರಿಗೆ ಹೋದ ಜೀವ ಬಂತು. “ಅಂದರೆ ನನ್ನ ಗಿರಾಕಿಗಳು ಇಲ್ಲಿ ತಿಂದು ಲೋಕಲ್ ರೈಲು ಹತ್ತುತ್ತಾರಲ್ಲ! ನಮ್ಮ ಚಾಳಿನ ನೈಟ್ರೋಜನ್ ಸ್ವಲ್ಪ ಗ್ರಾಂಟ್ ರೋಡಿಗೆ, ಸ್ವಲ್ಪ ದಾದರಿನಲ್ಲಿ ಬದಲಿಸಿ ಬೈಕುಲ್ಲಾಕ್ಕೆ! ಟಿಕೆಟು ಅವರದ್ದೇ!”

“ಎಲ್ಲರಿಗಿಂತ ಹೆಚ್ಚು ತಿಂದವರು ಯಾರು?” ಎಂದು ಸಾಹೇಬರು ಕೇಳಿದರು. ಹೋಟೆಲಿನ ಎಲ್ಲ ಬೆರಳುಗಳೂ ನನ್ನತ್ತ ತಿರುಗಿದವು. ದೇಶಸೇವೆ ಮಾಡಿದವನಂತೆ ನಾನು ಎದೆಯುಬ್ಬಿಸಿದೆ.

“ನೀವು ಇರುವುದೆಲ್ಲಿ?”

“ಇಲ್ಲೇ ಸರ್. ಮೇಲೆ, ಎರಡನೇ ಮಹಡಿ.”

ಸಾಹೇಬರ ನಗು ನಿಂತಿತು. “ಅಂದರೆ ನೀವು ತಿಂದದ್ದೆಲ್ಲ ಮತ್ತೆ ಇದೇ ಟ್ಯಾಂಕಿಗೆ!”

ರಾಯರು ನನ್ನನ್ನು ಬಾವಿಗೆ ವಿಷ ಹಾಕಿದವನಂತೆ ನೋಡಿದರು. ಸಾಹೇಬರು ಬಹಳ ಗಂಭೀರವಾಗಿ ಆಜ್ಞೆ ಹೊರಡಿಸಿದರು: “ನಾಳೆಯಿಂದ ತಿನ್ನುವುದು ಇಲ್ಲೇ ಇರಲಿ. ಬೆಳಿಗ್ಗೆ ಮಾತ್ರ ಸ್ವಲ್ಪ ತಡೆದುಕೊಂಡು ಆಫೀಸಿಗೆ ಬನ್ನಿ.”

ರಾಯರು ಅದನ್ನು ತಮಾಷೆ ಎಂದುಕೊಳ್ಳಲೇ ಇಲ್ಲ. ಮರುದಿನದಿಂದ ಬೆಳಗಾದರೆ ಸಂಡಾಸಿನ ದಾರಿಯಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂತರು. ನನಗೆ ಬೇರೆ ದಾರಿಯೇ ಉಳಿಯಲಿಲ್ಲ. ಕೆಲವು ತಿಂಗಳ ನಂತರ, ದಿನವೂ ಎಲ್ಲರಿಗಿಂತ ಮೊದಲು, ಅದೂ ಓಡೋಡಿ ಆಫೀಸಿಗೆ ಬರುವ ನೌಕರನೆಂದು ಮೆಚ್ಚಿ, ಮೇಲಿನವರು ನನಗೆ ಬಡ್ತಿ ಕೊಟ್ಟರು.